ಕೆಳಗಿನ ಅಂತಸ್ತಿನ ನಾವಿಕ

ಆ ಹಡಗು ನಿಂತಿದ್ದದ್ದು ಹೈದರಾಬಾದಿನ ಅಂಚಿನ ಮಿಯಾಪುರದಿಂದ ಮುಂದೆ, ಹೆದ್ದಾರಿ ಪಕ್ಕದ ಒಂದು ಬಂಡೆಗಲ್ಲಿನ ಬಯಲಿನಲ್ಲಿ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರಕ್ಕೆ ಇಡೀ ಹಗಲಿನ ಪ್ರಯಾಣ. ಕಬ್ಬಿಣದ ಚೌಕಟ್ಟಿಗೆ ಪ್ಲೈವುಡ್ ಬಡಿದು, ಮೇಲೆ ಫೈಬರ್ ಹೊದಿಸಿ, ಹಳೆಯ ಮರದ ಬಣ್ಣ ಬಳಿದಿದ್ದರು. ಐದು ಶತಮಾನಗಳ ಹಿಂದೆ ಪೋರ್ಚುಗೀಸರು ಲಿಸ್ಬನ್ನಿನಿಂದ ಹೊರಟು, ಆಫ್ರಿಕದ ತುದಿಯನ್ನು ಬಳಸಿಕೊಂಡು ಕಲ್ಲಿಕೋಟೆಗೆ ಬಂದರಲ್ಲ, ಅಂಥ ಹಡಗಿನ ಮಾದರಿ. ಮೂರು ಕೂವೆಕಂಬ, ಕ್ಯಾನ್ವಾಸಿನ ಪಟಗಳು, ಹಿಂಬದಿಯಲ್ಲಿ ಎತ್ತರದ ಕಟ್ಟೆ. ಸುತ್ತಲೂ ನೀರಿನ ಬದಲು ನೀಲಿ ಟೈಲ್ಸ್ ಹಾಕಿದ್ದರು. ಗಾಳಿ ಬೀಸಿದರೆ ಪಟಗಳು ಉಬ್ಬುತ್ತಿದ್ದವು, ಅಷ್ಟೆ, ಹಡಗು ಅಲುಗಾಡುತ್ತಿರಲಿಲ್ಲ.

ನಾನು ಅಲ್ಲಿ ಗೈಡ್ ಆಗಿದ್ದೆ. ಕರಾವಳಿಯಲ್ಲಿ ಹುಟ್ಟಿ, ಪಶ್ಚಿಮ ತೀರದ ಹಳೆಯ ಹಡಗು ವ್ಯಾಪಾರದ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ತಾರ್ನಾಕದ ವಿಶ್ವವಿದ್ಯಾಲಯಕ್ಕೆ ಬಂದವಳು. ಮಾರ್ಗದರ್ಶಕರು ನಿವೃತ್ತರಾದರು, ಫೆಲೋಶಿಪ್ಪಿನ ಅವಧಿ ಮುಗಿಯಿತು, ಪ್ರಬಂಧ ಅರ್ಧಕ್ಕೇ ನಿಂತಿತು. ಊರಿಗೆ ಹಿಂದಿರುಗಲು ಮನಸ್ಸಿರಲಿಲ್ಲ. ಹಡಗುಗಳ ಬಗ್ಗೆ ಹಿಂದಿಯಲ್ಲೂ ತೆಲುಗಿನಲ್ಲೂ ಹೇಳಬಲ್ಲವರು ಬೇಕು ಅಂತ ಗೆಳತಿಯೊಬ್ಬಳು ತಿಳಿಸಿದಾಗ ಒಪ್ಪಿಕೊಂಡೆ. ದಿನಾ ಬೆಳಗ್ಗೆ ತಾರ್ನಾಕದಲ್ಲಿ ಮೆಟ್ರೊ ಹತ್ತಿ, ನಡುವೆ ಬದಲಿಸಿ, ಮಿಯಾಪುರದಲ್ಲಿಳಿದು, ಷೇರ್ ಆಟೊದಲ್ಲಿ ಹಡಗು ಸೇರುತ್ತಿದ್ದೆ.

ಪ್ರದರ್ಶನದ ಮೇನೇಜರು ವಿಜಯವಾಡದ ಕಡೆಯವರು. ಕೆಟ್ಟ ಮನುಷ್ಯರಲ್ಲ. ಸಿನಿಮಾ ಸೆಟ್ಟುಗಳಲ್ಲಿ ಕೆಲಸ ಮಾಡಿ ಬಂದಿದ್ದರಿಂದ ಎಲ್ಲವೂ ನಿಜವಾದದ್ದರಂತೆ ಕಾಣಬೇಕೆಂಬ ಹಟ ಅವರಿಗಿತ್ತು. ಬೊಂಬೆಗಳನ್ನು ನೋಡಿದರೆ ಮಕ್ಕಳು ನಗುತ್ತಾರೆ, ಜೀವಂತ ಮನುಷ್ಯರೇ ಬೇಕು ಅನ್ನುತ್ತಿದ್ದರು. ಮೇಲಿನ ಡೆಕ್ಕಿನಲ್ಲಿ ಚುಕ್ಕಾಣಿ ಹಿಡಿದವನು, ಹಗ್ಗ ಎಳೆಯುವವರು, ಅಡುಗೆಯವನು, ಎಲ್ಲರೂ ಸಿಕ್ಕಿದ್ದರು. ಕೆಳಗಿನ ಅಂತಸ್ತಿನಲ್ಲಿ ರೋಗ ಹತ್ತಿ ಸಾಯುವ ನಾವಿಕನ ಪಾತ್ರಕ್ಕೆ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ. ಸಿನಿಮಾದ ಹುಡುಗರು ಬಂದು ಒಂದು ವಾರ ಮಲಗಿ, ಬೇಜಾರಾಗಿ ಬಿಟ್ಟುಹೋಗುತ್ತಿದ್ದರು.

ಆಗ ಗೇಟಿನ ಹತ್ತಿರ ನೆಲಕ್ಕೆ ಗ್ರಾನೈಟ್ ಹಾಕಲು ಒಂದು ಗುಂಪು ಬಂದಿತ್ತು. ಅದರಲ್ಲಿ ಒಬ್ಬರು ನಾಲ್ಕು ಕಲ್ಲು ಎತ್ತುವಷ್ಟರಲ್ಲಿ ಗೋಡೆಗೊರಗಿ ಕೂತುಬಿಡುತ್ತಿದ್ದರು. ಎತ್ತರದ ಆಳು, ಕೆನ್ನೆ ಒಳಗೆ ಹೋಗಿತ್ತು, ಕೊರಳ ಕೆಳಗಿನ ಮೂಳೆಗಳು ಎದ್ದು ಕಾಣುತ್ತಿದ್ದವು. ವಯಸ್ಸು ನಲವತ್ತರ ಆಸುಪಾಸು ಇರಬಹುದು, ಅರವತ್ತರವರಂತೆ ಕಾಣುತ್ತಿದ್ದರು. ಮೇನೇಜರು ಅವರನ್ನು ದೂರದಿಂದ ನೋಡುತ್ತ ಬಹಳ ಹೊತ್ತು ನಿಂತಿದ್ದರು. ಆಮೇಲೆ ಹತ್ತಿರ ಹೋಗಿ ತೆಲುಗಿನಲ್ಲಿ ಏನೋ ಕೇಳಿದರು. ಅವರು ಅರ್ಥವಾಗದೆ ಪಕ್ಕದವನತ್ತ ತಿರುಗಿ, "ಏನಂತೋ ಇವ್ರದು?" ಅಂದರು.

ಆ ಊರಲ್ಲಿ ಕನ್ನಡ ಕೇಳಿ ನನ್ನ ಕಿವಿ ನಿಮಿರಿತು. ನಾನೇ ನಡುವೆ ಹೋಗಿ ಹೇಳಿದೆ. "ಅಣ್ಣಾ, ಹಡಗಿನಲ್ಲಿ ಒಂದು ಕೆಲಸ ಇದೆಯಂತೆ. ಮಾಡ್ತೀರಾ ಅಂತ ಕೇಳ್ತಿದ್ದಾರೆ."

"ಏನ್ ಕೆಲಸಾರಿ?"

"ಮಲಗೋದು."

"ಬರೇ ಮಲಗೋದಾ?"

"ಹೌದು. ಕಾಯಿಲೆ ಬಿದ್ದವರ ಹಾಗೆ."

ಅವರು ಸ್ವಲ್ಪ ಯೋಚಿಸಿ, "ಅದು ನನಗ ಬರ್ತೈತ್ರಿ" ಅಂದರು.

ರಾಯಚೂರು ಜಿಲ್ಲೆಯವರು. ಹತ್ತು ಹನ್ನೆರಡು ವರ್ಷಗಳಿಂದ ಹೈದರಾಬಾದಿನಲ್ಲಿ ಗ್ರಾನೈಟ್ ಕೊಯ್ಯುವ ಮಷಿನ್ ಮೇಲೆ ದುಡಿದಿದ್ದರು. ಹೆಂಡತಿ ಮಿಯಾಪುರದ ಕಟ್ಟಡಗಳಲ್ಲಿ ಸಿಮೆಂಟ್ ಹೊರುತ್ತಿದ್ದಳು. ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದಳು. ಅವರಿಗೆ ಕೆಮ್ಮು ಶುರುವಾಗಿ ವರ್ಷದ ಮೇಲಾಗಿತ್ತು. ಯಾವುದೋ ದವಾಖಾನೆಯಲ್ಲಿ ಕ್ಷಯ ಅಂತ ಹೇಳಿ ಗುಳಿಗೆ ಕೊಟ್ಟಿದ್ದರಂತೆ. ಗುಳಿಗೆ ಮುಗಿದಿತ್ತು, ಕೆಮ್ಮು ಇತ್ತು.

ನನ್ನ ಕೆಲಸ ಹೀಗಿತ್ತು. ಶಾಲೆಯ ಮಕ್ಕಳನ್ನು ಮೊದಲು ಮೇಲಿನ ಡೆಕ್ಕಿಗೆ ಕರೆದೊಯ್ಯುವುದು. ಗಾಳಿಯ ದಿಕ್ಕು, ನಕ್ಷತ್ರ ನೋಡಿ ದಾರಿ ಹಿಡಿಯುವುದು, ಮೆಣಸಿನ ಆಸೆ, ಇದನ್ನೆಲ್ಲ ಹೇಳುವುದು. ಆಮೇಲೆ ಕಡಿದಾದ ಮರದ ಏಣಿ ಇಳಿಸಿ ಕೆಳಗಿನ ಅಂತಸ್ತಿಗೆ. ಅಲ್ಲಿ ಒಂದೇ ಒಂದು ಲಾಟೀನು. ಹರಕು ಚಾಪೆ, ಬಿರಡೆ ಹಾಕಿದ ನೀರಿನ ಪೀಪಾಯಿ, ಹುಳ ಹಿಡಿದ ಬಿಸ್ಕತ್ತಿನ ಮಾದರಿ. ಚಾಪೆಯ ಮೇಲೆ ಅವರು.

"ತಿಂಗಳುಗಟ್ಟಲೆ ಇವರಿಗೆ ಸೊಪ್ಪಿಲ್ಲ, ಹಣ್ಣಿಲ್ಲ," ಎಂದು ನಾನು ಶುರು ಮಾಡುತ್ತಿದ್ದೆ. "ಮೊದಲು ಒಸಡು ಊದುತ್ತದೆ. ಹಲ್ಲು ಸಡಿಲವಾಗುತ್ತದೆ. ಎಂದೋ ಮಾಯ್ದ ಗಾಯ ಮತ್ತೆ ಬಾಯಿ ತೆರೆಯುತ್ತದೆ. ಇದಕ್ಕೆ ಸ್ಕರ್ವಿ ಅನ್ನುತ್ತಾರೆ. ಹೊರಟವರಲ್ಲಿ ಎಷ್ಟೋ ಜನ ಇದರಿಂದಲೇ ಸತ್ತರು. ಆಫ್ರಿಕದ ಪೂರ್ವ ತೀರದಲ್ಲಿ ಕಿತ್ತಳೆ ಸಿಕ್ಕಿತು. ತಿಂದವರು ಕೆಲವೇ ದಿನಗಳಲ್ಲಿ ಎದ್ದು ಕೂತರು. ಕಿತ್ತಳೆ, ನಿಂಬೆ, ಇಷ್ಟೇ ಮದ್ದು. ಅದು ಎಲ್ಲರಿಗೂ ಮನದಟ್ಟಾಗುವುದಕ್ಕೆ ಮತ್ತೆ ಎಷ್ಟೋ ತಲೆಮಾರು ಬೇಕಾಯಿತು."

ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಕೆಮ್ಮು ಬರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಆ ಕತ್ತಲೆ ಕೋಣೆಯಲ್ಲಿ ಗಾಳಿ ಕಡಿಮೆ, ಅದಕ್ಕೆ ಬರುತ್ತಿತ್ತು. ಒಣ ಕೆಮ್ಮು, ಕಲ್ಲಿಗೆ ಕಲ್ಲು ತಿಕ್ಕಿದಂತೆ. ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಿದ್ದರು. ಕೊನೆಯಲ್ಲಿ ನಾನು ಹಳೆಯ ಪಟದ ಒಂದು ತುಂಡನ್ನು ಅವರ ಮುಖದ ಮೇಲೆ ಎಳೆಯಬೇಕಿತ್ತು. ಸತ್ತವರನ್ನು ಹೀಗೆ ಪಟದ ಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಬಿಡುತ್ತಿದ್ದರು ಅಂತ ಹೇಳಿದರೆ ಆಟ ಮುಗಿಯಿತು. ಮೇಲೆ ಹೋಗುವಾಗ ಟೀಚರುಗಳು ನನ್ನನ್ನು ಕೇಳುತ್ತಿದ್ದರು: ಆ ನಟ ಯಾವ ನಾಟಕ ಕಂಪನಿಯವನು? ಮೇನೇಜರಿಗೂ ಖುಷಿ. "ಚಾಲಾ ಬಾಗುಂದಿ, ಅದೇ ಥರ ಕೆಮ್ಮಲಿ" ಅನ್ನುತ್ತಿದ್ದರು.

ಮಧ್ಯಾಹ್ನ ಹಡಗಿನ ನೆರಳಿನಲ್ಲಿ ಕೂತು ಊಟ ಮಾಡುತ್ತಿದ್ದೆವು. ಅವರದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನದು ರೂಮಿನಲ್ಲಿ ಮಾಡಿದ ಅನ್ನ. ದಿನಾ ನನ್ನ ಕಥೆ ಕೇಳಿ ಕೇಳಿ ಹಿಂದಿಯಲ್ಲಿದ್ದರೂ ಅವರಿಗೆ ಅರ್ಥವಾಗುತ್ತಿತ್ತು; ಇಷ್ಟು ವರ್ಷ ಈ ಊರಲ್ಲಿದ್ದು ಹಿಂದಿ ಬಂದಿತ್ತು. ಬಿಡುವಾದಾಗ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು.

"ಅಕ್ಕಾರ, ಆ ಮಂದಿ ಸತ್ತದ್ದು ಮನಿಯವರಿಗೆ ಹೆಂಗ್ ಗೊತ್ತಾಗ್ತಿತ್ರಿ?"

"ಹಡಗು ವಾಪಸು ಹೋದ ಮೇಲೆ. ಹೋಗಿ ಬರೋಕೆ ಎರಡು ವರ್ಷ ಆಗ್ತಿತ್ತು."

"ಅಲ್ಲೀತನಕ ಹೇಣ್ತಿ ಕುಂಕುಮ ಹಚ್ಕೊಂಡ ಇರ್ತಿದ್ಳೇನ್ರಿ?"

"ಅವರಲ್ಲಿ ಕುಂಕುಮ ಇಲ್ಲ ಅಣ್ಣಾ."

"ಏನರ ಒಂದು ಇರ್ತಿತ್ತಲ್ರಿ" ಅಂದರು. ಅವರು ಎಂದೂ ಸಮುದ್ರ ನೋಡಿರಲಿಲ್ಲ. ನೋಡಬೇಕು ಅಂತಲೂ ಹೇಳಲಿಲ್ಲ. ಸಮುದ್ರದ ಪಕ್ಕ ಬೆಳೆದವಳು ನೀವು, ನೀರು ಹಗಲೂ ರಾತ್ರೀನೂ ಸಪ್ಪಳ ಮಾಡ್ತದಂತ, ನಿದ್ದಿ ಹೆಂಗ್ ಹತ್ತುತಿತ್ರಿ ಎಂದು ಒಮ್ಮೆ ಕೇಳಿದ್ದರು. ಆ ಸದ್ದಿಲ್ಲದೆ ಹೈದರಾಬಾದಿನಲ್ಲಿ ಮೊದಲ ತಿಂಗಳು ನನಗೆ ನಿದ್ದೆ ಬಂದಿರಲಿಲ್ಲ ಅಂದಾಗ ನಕ್ಕರು. ನಗು ಕೆಮ್ಮಾಯಿತು. ಮುಂದೆ ನಾನು ಅವರನ್ನು ನಗಿಸಲು ಹೋಗಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ಸೌಂಡ್ ಹಾಕುವವನು ಬಂದ. ಇಡೀ ಹಡಗಿಗೆ ಅಲೆಯ ಸದ್ದು, ಗಾಳಿಯ ಸದ್ದು, ಮರ ಕಿರುಗುಡುವ ಸದ್ದು ಕೂಡಿಸಬೇಕಿತ್ತು. ಮೇನೇಜರು ಅವನನ್ನು ಕೆಳಗಿನ ಅಂತಸ್ತಿಗೂ ಕಳಿಸಿದರು. ಅವನು ಮೈಕನ್ನು ಚಾಪೆಯ ಮೇಲಿದ್ದವರ ಬಾಯಿಯ ಹತ್ತಿರ ಹಿಡಿದು, "ಕೆಮ್ಮು" ಅಂದ. ಅವರಿಗೆ ಆಗ ಕೆಮ್ಮು ಬರಲಿಲ್ಲ. ಕಾಯುತ್ತ ಕೂತರು. ನಾನು ಏಣಿಯ ಹತ್ತಿರ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಬಂತು, ಬಂದದ್ದು ನಿಲ್ಲಲಿಲ್ಲ. ಸೌಂಡಿನವನು ಮೊದಲು ಹೆಬ್ಬೆರಳೆತ್ತಿ ತೋರಿಸಿದ. ಆಮೇಲೆ ಅವನ ಮುಖ ಸಣ್ಣದಾಯಿತು. ಮೈಕನ್ನು ಕೆಳಗಿಟ್ಟು ನೀರು ತರಲು ಓಡಿದ.

ಅವತ್ತು ಸಂಜೆ ನಾನು ಮೇನೇಜರಿಗೆ ಹೇಳಿದೆ, ಈ ಮನುಷ್ಯನಿಗೆ ಹುಷಾರಿಲ್ಲ, ಅದು ನಟನೆ ಅಲ್ಲ. ಅವರು, "ಗೊತ್ತಮ್ಮಾ. ಇಲ್ಲಿ ಬೇಡ ಅಂದರೆ ಮತ್ತೆ ಕಲ್ಲು ಹೊರೋಕೆ ಹೋಗ್ತಾನೆ" ಅಂದರು.

ರಾಯಚೂರಿನ ಅಣ್ಣನ ಹೆಂಡತಿಯನ್ನು ನಾನು ನೋಡಿದ್ದು ಸಂಕ್ರಾಂತಿಯ ಹೊತ್ತಿಗೆ. ಅವಳು ಕೆಲಸ ಮಾಡುವ ಕಟ್ಟಡಕ್ಕೆ ರಜೆ ಇತ್ತಂತೆ. ಗಂಡ ಹಡಗಿನಲ್ಲಿ ಕಾವಲು ಕಾಯುತ್ತಾನೆ ಅಂತ ಅವಳು ನಂಬಿದ್ದಳು. ಡಬ್ಬಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಕಟ್ಟಿಕೊಂಡು ಬಂದಳು. ಗೇಟಿನವನು ಒಳಗೆ ಬಿಟ್ಟ. ನನ್ನ ಹಿಂದೆ ಏಣಿ ಇಳಿಯುತ್ತಿದ್ದ ಮಕ್ಕಳ ಸಾಲಿನ ಕೊನೆಯಲ್ಲಿ ಅವಳೂ ಇಳಿದದ್ದು ನನಗೆ ತಿಳಿಯಲಿಲ್ಲ.

ನಾನು ಎಂದಿನಂತೆ ಹೇಳಿ ಮುಗಿಸಿ, ಪಟದ ತುಂಡನ್ನು ಅವರ ಮುಖದ ಮೇಲೆ ಎಳೆದೆ.

"ತಗೀರಿ ಅದನ್ನ" ಎಂದು ಹಿಂದಿನಿಂದ ಒಂದು ದನಿ ಬಂತು. ಜೋರು ದನಿಯಲ್ಲ. ಮಕ್ಕಳು ಜಾಗ ಬಿಟ್ಟರು. ಅವಳು ಬಂದು ತಾನೇ ಬಟ್ಟೆ ಎಳೆದು ಬಿಸಾಡಿದಳು. ಅವರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿ, ಎದ್ದು ಕೂರಲು ಹೋಗಿ ಮತ್ತೆ ಒರಗಿದರು.

"ಬದುಕಿದ್ದ ಗಂಡನ್ನ ದಿನಾ ಹೆಣಾ ಮಾಡಿ ಮಲಗಸ್ತೀರೇನ್ರಿ?" ಅಂತ ಅವಳು ನನ್ನನ್ನೇ ಕೇಳಿದಳು. "ಓದಿದವ್ರದೀರಿ. ಒಂದ್ ಸಲಾನೂ ನಿಮ್ ಕೈ ನಡುಗ್ಲಿಲ್ಲೇನ್ರಿ?"

"ಅಕ್ಕಾರಿಗೇನ್ ಅನಬ್ಯಾಡ," ಅಂದರು ಅವರು. "ನಾನ ಒಪ್ಪಿ ಮಲಗೀನಿ. ಇಲ್ಲಿ ಧೂಳಿಲ್ಲ, ಮಷಿನ್ ಇಲ್ಲ."

"ಧೂಳಿಲ್ಲಂತ ಹೆಣಾ ಆಗಿ ಮಲಗ್ತಿಯೇನು?"

ಮಕ್ಕಳನ್ನು ಟೀಚರು ಮೇಲೆ ಕರೆದೊಯ್ದರು. ಅವಳು ಚಾಪೆಯ ತುದಿಯಲ್ಲಿ ಕೂತು ಡಬ್ಬಿ ಬಿಚ್ಚಿದಳು. ನನಗೂ ಒಂದು ರೊಟ್ಟಿ ಮುರಿದು ಕೊಟ್ಟಳು, ನನ್ನ ಮುಖ ನೋಡದೆ. ಆ ಕತ್ತಲೆಯಲ್ಲೇ ಮೂವರೂ ತಿಂದೆವು.

ಮರುದಿನದಿಂದ ಮೇನೇಜರು ಅವರನ್ನು ಮೇಲಿನ ಡೆಕ್ಕಿಗೆ ಹಾಕಿದರು. ನಾನು ಕೇಳಿಕೊಂಡಿದ್ದೆ, ಅವಳ ಮಾತು ಮೇನೇಜರ ಕಿವಿಗೂ ಬಿದ್ದಿತ್ತು ಅನ್ನಿಸುತ್ತದೆ. ಚುಕ್ಕಾಣಿಯವನನ್ನು ಹಗ್ಗದ ಕಡೆ ಕಳಿಸಿದರು; ಇವರು ಚುಕ್ಕಾಣಿಯ ಉದ್ದನೆಯ ಹಿಡಿಕೆ ಹಿಡಿದು ನಿಂತರೆ ಸಾಕು. ತಲೆಗೆ ಕೆಂಪು ಉಣ್ಣೆಯ ಟೊಪ್ಪಿಗೆ, ಸೊಂಟಕ್ಕೆ ಅಗಲದ ಪಟ್ಟಿ. ಆ ವೇಷದಲ್ಲಿ ಅವರು ನೆಟ್ಟಗೆ ನಿಂತು, ಬಂಡೆಗಳಾಚೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳನ್ನು ನೋಡುತ್ತಿದ್ದರು. ಮಕ್ಕಳು ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಂದಿಷ್ಟು ದಿನ ಚೆನ್ನಾಗಿಯೇ ನಡೆಯಿತು. ಬಿಸಿಲು ಏರುತ್ತ ಹೋದಂತೆ ನಿಲ್ಲುವುದು ಕಷ್ಟವಾಯಿತು. ಮೊದಲು ಹಿಡಿಕೆಗೆ ಒರಗಿದರು. ಆಮೇಲೆ ಒಂದು ಸ್ಟೂಲು ಕೇಳಿದರು. ಹೋಳಿ ಕಳೆದ ಮೇಲೆ ಒಂದು ಬೆಳಗ್ಗೆ ಏಣಿ ಹತ್ತುವಾಗ ಅರ್ಧದಲ್ಲೇ ಕುಸಿದರು. ತುಟಿ ನೀಲಿಗಟ್ಟಿತ್ತು.

ಮೇನೇಜರ ಕಾರಿನಲ್ಲೇ ಎದೆರೋಗದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಹೆಂಡತಿ ಕಟ್ಟಡದಿಂದ ನೇರ ಅಲ್ಲಿಗೆ ಬಂದಳು, ಸೆರಗಿನಲ್ಲಿ ಸಿಮೆಂಟು ಹಾಗೇ ಇತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತೆಲುಗಿನವರು. ಎಕ್ಸ್‌ರೇ ಬೆಳಕಿಗೆ ಹಿಡಿದು, ಏನು ಕೆಲಸ ಅಂತ ಹಿಂದಿಯಲ್ಲಿ ಕೇಳಿದರು.

"ಜಹಾಜ್ ಮೇ" ಅಂದರು ಅವರು, ಹಡಗಿನಲ್ಲಿ ಅಂತ.

ಡಾಕ್ಟರು ನನ್ನ ಮುಖ ನೋಡಿದರು. ಅದಕ್ಕೂ ಮೊದಲು ಗ್ರಾನೈಟ್ ಕೊಯ್ಯುತ್ತಿದ್ದರು ಅಂತ ನಾನು ಹೇಳಿದೆ. ಅವರು ತಲೆಯಾಡಿಸಿ, ಎಕ್ಸ್‌ರೇಯಲ್ಲಿ ಎರಡೂ ಕಡೆ ಹರಡಿದ್ದ ಬಿಳಿಯ ಚುಕ್ಕೆಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. ಕಲ್ಲಿನ ಧೂಳು ಒಳಗೆ ಕೂತು ಗಟ್ಟಿಯಾಗಿದೆ. ಹೊರಗೆ ತೆಗೆಯಲು ಬರುವುದಿಲ್ಲ. ಉಸಿರಿಗೆ ಆರಾಮ ಕೊಡಬಹುದು, ಅಷ್ಟೆ. ತೆಲುಗಿನಲ್ಲಿ ನನಗೆ ಹೇಳಿ, ನೀವೇ ಅವರ ಭಾಷೆಯಲ್ಲಿ ತಿಳಿಸಿ ಅಂದರು.

ತಿಳಿಸಿದೆ. ಮಕ್ಕಳಿಗೆ ಹೇಳಿ ಹೇಳಿ ಪಳಗಿದ್ದ ನನ್ನ ಬಾಯಿಗೆ ಅವತ್ತು ಮಾತು ಜೋಡಿಸುವುದೇ ಕಷ್ಟವಾಯಿತು. ಧೂಳು ಅಂದೆ, ಗಟ್ಟಿ ಅಂದೆ, ಔಷಧಿ ಇಲ್ಲ ಅನ್ನುವುದಕ್ಕೆ ಎರಡು ಸಲ ತಡವರಿಸಿದೆ. ಹೆಂಡತಿ ಗೋಡೆಯ ಕಡೆ ತಿರುಗಿದಳು. ಅವರು ನನ್ನನ್ನು ಕೇಳಿದರು: "ನಿಂಬಿಹಣ್ಣಿಗೆ ಹೋಗಂಗಿಲ್ಲೇನ್ರಿ?"

ನನಗೆ ಅರ್ಥವಾಗಲಿಲ್ಲ. ಹೆಂಡತಿ ಹೇಳಿದಳು. "ದಸರಾದಿಂದ ದಿನಾ ಒಂದ್ ನಿಂಬಿಹಣ್ಣು ಹಿಂಡ್ಕೊಂಡ್ ಕುಡಿಯಾಕತ್ತಾನ್ರಿ. ಅಕ್ಕಾರು ಹೇಳ್ಯಾರ, ಇದರಿಂದ ಮಂದಿ ಎದ್ದು ಕುಂತಾರ ಅಂತಾನ. ಹಲ್ಲು ಚುಳ್ ಅಂದ್ರೂ ಬಿಡವಲ್ಲ."

"ಅದು ಬೇರೆ ಕಾಯಿಲೆ ಅಣ್ಣಾ," ಅಂದೆ.

"ಹೌದ್ರಿ?" ಅಂದರು. "ನಾನೂ ಹಡಗಿನಾಗ ಇದ್ದೆ ನೋಡ್ರಿ, ಅದಕ್ಕ." ಅದನ್ನು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಊರಿಗೆ ಹೋಗೋಣ ಅಂತ ಗಂಡ ಹೆಂಡತಿ ಇಬ್ಬರೂ ನಿರ್ಧಾರ ಮಾಡಿದರು. ಕಾಚಿಗೂಡ ಸ್ಟೇಷನ್ನಿನಲ್ಲಿ ರಾಯಚೂರಿನ ಗಾಡಿಗೆ ಹತ್ತಿಸಲು ನಾನೂ ಹೋದೆ. ಬಾಗಿಲಿನಿಂದ ಸೀಟಿನವರೆಗೆ ನಡೆಯುವುದಕ್ಕೇ ಅವರು ಮೂರು ಕಡೆ ನಿಂತರು. ಕಿಟಕಿ ಪಕ್ಕ ಕೂರಿಸಿದೆವು. ಅವಳು ಗಂಟುಗಳನ್ನು ಸೀಟಿನ ಕೆಳಗೆ ತಳ್ಳಿ, ನೀರಿನ ಬಾಟಲಿ ತುಂಬಿಸಿಕೊಂಡು ಬಂದಳು. ಸಂಕ್ರಾಂತಿಯ ಹೊತ್ತಿನ ಸಿಟ್ಟು ಅವಳಲ್ಲಿ ಉಳಿದಿರಲಿಲ್ಲ; ಬೇರೆ ಕೆಲಸ ಬಹಳ ಇತ್ತು.

"ಮಗಳ ಪರೀಕ್ಷಾ ಮುಗದಾವ್ರಿ," ಅಂದರು ಅವರು. "ಬ್ಯಾಸಿಗಿ ಅಂದ್ರ ಹ್ಯಾಂಗೂ ಮನ್ಯಾಗ ಇರ್ತಾಳ. ಆಕಿ ಸಂಗಡ ಮಾತಾಡಿ ಭಾಳ ದಿನ ಆತು."

ಗಾಡಿ ಹೊರಟಿತು. ಅವರು ಕೈ ಬೀಸಲಿಲ್ಲ. ಕಿಟಕಿಯ ಸರಳು ಹಿಡಿದು ಉಸಿರಿನ ಕಡೆಗೇ ಗಮನವಿಟ್ಟಿದ್ದರು.

ಹಡಗಿನಲ್ಲಿ ಕೆಳಗಿನ ಚಾಪೆಗೆ ಕೊನೆಗೆ ಒಂದು ಬೊಂಬೆ ಬಂತು. ಮೇಣದ ಮುಖ, ಊದಿದ ಒಸಡು, ಕೆದರಿದ ಗಡ್ಡ. ಚೆನ್ನಾಗಿ ಮಾಡಿದ್ದರು. ನಾನು ಕಥೆ ಶುರು ಮಾಡಿದ ಮೊದಲ ದಿನ, ಒಸಡಿನ ಮಾತು ಮುಗಿಯುವ ಹೊತ್ತಿಗೆ ಪೀಪಾಯಿಯ ಹಿಂದಿನ ಸ್ಪೀಕರಿನಿಂದ ಕೆಮ್ಮು ಕೇಳಿತು. ಅವರದೇ. ಕಾದು ಕಾದು ಬಂದು, ನಿಲ್ಲದೆ ಹೋದ ಅದೇ ಕೆಮ್ಮು. ಕೊನೆಯಲ್ಲಿ ಅವರು ಉಸಿರೆಳೆದುಕೊಂಡದ್ದೂ ಅದರಲ್ಲಿತ್ತು. ಮಕ್ಕಳು ಬೊಂಬೆ ನೋಡಿ ನಗಲಿಲ್ಲ.

ದಿನಕ್ಕೆ ಎಷ್ಟು ಗುಂಪು ಬರುತ್ತಿತ್ತೋ ಅಷ್ಟು ಸಲ ಅದನ್ನು ಕೇಳಿದೆ. ಅದು ಕೇಳುವಾಗೆಲ್ಲ ಅವರು ಊರಲ್ಲಿ ಇದ್ದಾರೆ, ಮಗಳ ಹತ್ತಿರ ಕೂತಿದ್ದಾರೆ ಅಂದುಕೊಳ್ಳುತ್ತಿದ್ದೆ. ನಡುವೆ ಒಂದೆರಡು ಸಲ ಫೋನ್ ಮಾಡಿದೆ. ಹೆಂಡತಿ ಎತ್ತಿ, ಆರಾಮ ಅದಾನ್ರಿ, ಮಾತಾಡಾಕ ಆಗಂಗಿಲ್ರಿ ಅನ್ನುತ್ತಿದ್ದಳು.

ಮಳೆಗಾಲದ ಶುರುವಿನಲ್ಲಿ ಅವಳೇ ಫೋನ್ ಮಾಡಿದಳು. ನಾನು ಮೆಟ್ರೊದಲ್ಲಿದ್ದೆ, ನಿಂತುಕೊಂಡು. "ಹ್ವಾದ್ರಿ ಅಕ್ಕಾರ," ಅಂದಳು. "ಮುಂಜಾನಿ ಮಗಳು ಚಾ ಕೊಡಾಕ ಹೋದಾಗ ನೋಡ್ಯಾಳ. ಎಲ್ಲಾ ಮುಗಿಸಿ ನಿಮಗ ಹೇಳಾಕತ್ತೀನಿ." ನಾನು ಏನೇನೋ ಅಂದೆ. ಸುತ್ತಲಿನವರು ತಿರುಗಿ ನೋಡಿದ್ದು ನೆನಪಿದೆ, ಅಂದದ್ದು ನೆನಪಿಲ್ಲ.

ಹಡಗಿಗೆ ಹೋಗಿ ನೇರವಾಗಿ ಮೇನೇಜರ ಕೋಣೆಗೆ ಹೋದೆ. ಅವರು ಸತ್ತರು, ಆ ಕೆಮ್ಮು ನಿಲ್ಲಿಸಿ ಅಂದೆ. ವಾದ ಮಾಡಬೇಕಾಗುತ್ತದೆ ಅಂದುಕೊಂಡು ಬಂದಿದ್ದೆ. ಮೇನೇಜರು ಮೇಜಿನ ಮೇಲಿನ ಬೀಗದ ಕೈ ತೆಗೆದುಕೊಂಡು ಎದ್ದು, ಒಬ್ಬರೇ ಕೆಳಗಿಳಿದು ಹೋದರು. ಬಂದ ಮೇಲೆ ಒಂದು ಪೆನ್‌ಡ್ರೈವನ್ನು ನನ್ನ ಮುಂದಿಟ್ಟರು. "ಮನೆಯವರಿಗೆ ಬೇಕಾದರೆ ಕೊಡಿ," ಅಂದರು. "ನನ್ನ ಹತ್ತಿರ ಇರೋದು ಬೇಡ."

ಅದನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಎಸೆಯಲು ಕೈ ಬರಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿದಿರಬಹುದು ಅನ್ನಿಸಿದ ಮೇಲೆ ಅವಳಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ದನಿ ಹಿಡಿದಿಟ್ಟದ್ದು ಒಂದಿದೆ, ಬೇಕಾ ಅಂತ.

ಅವಳ ಹಿಂದೆ ಯಾರೋ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು.

"ಅದ್ರಾಗ ಏನರ ಮಾತಾಡ್ಯಾನೇನ್ರಿ?"

"ಇಲ್ಲ. ಕೆಮ್ಮಷ್ಟೇ."

"ಮಗಳ ಹೆಸರು ಗಿಸರು?"

"ಇಲ್ಲಮ್ಮಾ."

"ಹಂಗಾರ ಬ್ಯಾಡ್ರಿ," ಅಂದಳು. "ಕೆಮ್ಮು ನಾವು ಮನ್ಯಾಗ ಭಾಳ ಕೇಳೀವಿ."

ಆಮೇಲೆ ಹೊಲಕ್ಕೆ ಕೂಲಿ ಹೋಗುವುದರ ಬಗ್ಗೆ ಹೇಳಿದಳು. ಅತ್ತೆಗೆ ಕಣ್ಣು ಕಾಣಿಸುತ್ತಿಲ್ಲ, ಮಗಳನ್ನು ಹಾಸ್ಟೆಲಿಗೆ ಸೇರಿಸಬೇಕು ಅಂದಳು. ಹೈದರಾಬಾದಿಗೆ ಮತ್ತೆ ಬರ್ತೀರಾ ಅಂತ ಕೇಳಿದೆ. ಬರಬೇಕಲ್ರಿ, ಇಲ್ಲೇನೈತಿ ಅಂದಳು.

ನಾನು ಮುಂದಿನ ಬೇಸಿಗೆವರೆಗೂ ಅಲ್ಲೇ ಇದ್ದೆ. ಕೆಳಗಿನ ಅಂತಸ್ತಿನಲ್ಲಿ ಕಥೆ ಚಿಕ್ಕದಾಗಿ ಹೇಳಿ ಮಕ್ಕಳನ್ನು ಬೇಗ ಮೇಲೆ ಕರೆದೊಯ್ಯುತ್ತಿದ್ದೆ. ಅಷ್ಟರಲ್ಲಿ ಬರುವವರೂ ಕಡಿಮೆಯಾದರು. ಮಳೆಗೆ ಪ್ಲೈವುಡ್ ಉಬ್ಬಿ ಒಂದು ಬದಿಯ ಹಲಗೆಗಳು ಬಾಯಿಬಿಟ್ಟವು. ಜಾಗ ಅಪಾರ್ಟ್‌ಮೆಂಟ್ ಕಟ್ಟುವವರ ಪಾಲಾಯಿತು. ಹಡಗನ್ನು ಬಿಚ್ಚುವ ದಿನ ನಾನು ಹೋಗಲಿಲ್ಲ. ಸಿಕಂದರಾಬಾದಿನ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಎಂಟನೆಯ ತರಗತಿಯಲ್ಲಿ ಯುರೋಪಿಯನ್ನರು ಸಮುದ್ರಮಾರ್ಗ ಹುಡುಕಿದ ಪಾಠ ಬರುತ್ತದೆ. ಯಾರು ಹೊರಟರು, ಎಲ್ಲಿಗೆ ಬಂದರು, ಏನು ಕೊಂಡೊಯ್ದರು, ಎಲ್ಲ ಹೇಳುತ್ತೇನೆ. ದಾರಿಯಲ್ಲಿ ಸತ್ತವರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲಿದೆ. ಅದನ್ನು ಯಾರಾದರೂ ಹುಡುಗಿಯ ಕೈಲಿ ಓದಿಸುತ್ತೇನೆ.

ಅವರ ಹೆಂಡತಿ ಮತ್ತೆ ಹೈದರಾಬಾದಿಗೆ ಬಂದಿದ್ದಾಳೆ. ಮಿಯಾಪುರದ ಕಡೆಯಲ್ಲ, ಉಪ್ಪಲ್ ಹತ್ತಿರ ಕಟ್ಟುತ್ತಿರುವ ಒಂದು ದೊಡ್ಡ ಕಟ್ಟಡದಲ್ಲಿ ಕೆಲಸ. ಕಲ್ಲು ಕೊಯ್ಯುವ ಮಷಿನ್ ಇರುವ ಕಡೆ ಹೋಗಲೊಲ್ಲೆ ಅಂತ ಮೇಸ್ತ್ರಿಗೆ ಮೊದಲೇ ಹೇಳಿದ್ದಾಳಂತೆ. ಕೆಲವು ಭಾನುವಾರ ನನ್ನ ರೂಮಿಗೆ ಬರುತ್ತಾಳೆ. ಚಾ ಕುಡಿಯುತ್ತ ಮಗಳ ಹಾಸ್ಟೆಲಿನ ಸುದ್ದಿ, ಊರಿನ ಸುದ್ದಿ ಹೇಳುತ್ತಾಳೆ. ಹಡಗಿನ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಕತ್ತಲಾಗುವ ಮುಂಚೆ ಎದ್ದು, ಸೆರಗು ಕೊಡವಿಕೊಂಡು, "ಬರ್ತೀನ್ರಿ ಅಕ್ಕಾರ" ಅಂತ ಹೇಳಿ ಹೋಗುತ್ತಾಳೆ.